‘ಹುಡುಗಿಯರಿಗೆ ಪ್ಲಾಂಟ್ ಕೆಲಸ ಯಾಕೆ?’ ಅನ್ನುತ್ತಾರೆ, ಏನು ಹೇಳಲಿ?

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ನೀರು, ಕೊಳಚೆ, ಕಸ, ಗಾಳಿ, ಇಂಥ ಪರಿಸರದ ಕೆಲಸದಲ್ಲೇ ಮುಂದುವರಿಯಬೇಕು ಅಂತ ಆಸೆ. ಎರಡು ಕಡೆ ಕೆಲಸ ಸಿಗುವ ಹಾಗಿದೆ. ಒಂದು ಕೊಳಚೆ ನೀರು ಶುದ್ಧ ಮಾಡುವ ಪ್ಲಾಂಟಿನಲ್ಲಿ, ಅಲ್ಲಿ ಶಿಫ್ಟ್ ಇರುತ್ತದೆ. ಇನ್ನೊಂದು ಕನ್ಸಲ್ಟೆನ್ಸಿಯಲ್ಲಿ, ಕಂಪನಿಗಳಿಗೆ ಪರಿಸರದ ರಿಪೋರ್ಟ್ ಬರೆದುಕೊಡುವ ಕೆಲಸ. ಮನೆಯಲ್ಲೂ ಕಾಲೇಜಿನಲ್ಲೂ ‘ಹುಡುಗಿಯರಿಗೆ ಪ್ಲಾಂಟ್ ಕೆಲಸ ಯಾಕೆ, ಆಫೀಸಲ್ಲಿ ಕೂತು ರಿಪೋರ್ಟ್ ಬರಿ’ ಅನ್ನುತ್ತಾರೆ. ನೀವೇನು ಹೇಳುತ್ತೀರಿ ಮೇಡಂ? ಮುಂದೆ ಮಗು ಅಂತ ಒಂದೆರಡು ವರ್ಷ ಬಿಟ್ಟರೆ ಎಲ್ಲ ಮುಗಿದ ಹಾಗೇನಾ?

ಉತ್ತರ: ಪ್ಲಾಂಟಿಗೆ ಹೋಗಿ.

ಇಷ್ಟೇ ಹೇಳಿ ಮುಗಿಸಬಹುದಿತ್ತು. ಆದರೆ ನಿಮ್ಮ ಮನೆಯವರಿಗೆ ಕಾರಣ ಬೇಕು ಅಲ್ವಾ? ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜೀವಮಾನವೆಲ್ಲ ಅಲ್ಲೇ ಇರಿ ಅಂತಲ್ಲ. ಎರಡು ವರ್ಷ, ಸಾಧ್ಯವಾದರೆ ಮೂರು. ಆಮೇಲೆ ಡಿಸೈನ್, ಕನ್ಸಲ್ಟೆನ್ಸಿ, ಸಂಶೋಧನೆ, ಯಾವ ಕಡೆ ಬೇಕಾದರೂ ತಿರುಗಿ. ಪ್ಲಾಂಟಿನಿಂದ ಆಫೀಸಿಗೆ ದಾರಿ ಇದೆ. ಆಫೀಸಿನಿಂದ ಪ್ಲಾಂಟಿಗೆ ಬರುವುದೇ ಕಷ್ಟ. ಐದು ವರ್ಷ ಬರೀ ರಿಪೋರ್ಟ್ ಬರೆದವರನ್ನು ಕರೆದು ‘ಈ ಶಿಫ್ಟ್ ನೋಡಿಕೊಳ್ಳಿ’ ಅಂತ ಯಾರೂ ಹೇಳಲ್ಲ.

ನಿಮಗೆ ಬುದ್ಧಿ ಹೇಳುತ್ತಿರುವವರು ಕೆಟ್ಟವರಲ್ಲ. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದಾರೆ. ಆದರೆ ಈ ಕ್ಷೇತ್ರದಲ್ಲಿ ಹೆಣ್ಣುಮಕ್ಕಳಿಗೆ ಒಂದು ಕುರ್ಚಿ ಕಾದಿರುತ್ತದೆ, ಅದನ್ನು ಗುರುತಿಸಲು ನನಗೆ ತುಂಬಾ ವರ್ಷ ಬೇಕಾಯಿತು. ‘ಇವರ ಬರವಣಿಗೆ ಚೆನ್ನಾಗಿದೆ, ನೀಟಾಗಿ ಕೆಲಸ ಮಾಡುತ್ತಾರೆ’ ಅಂತ ಹೊಗಳಿ ಆ ಕುರ್ಚಿಯಲ್ಲಿ ಕೂರಿಸುತ್ತಾರೆ. ಅನುಮತಿಯ ಅರ್ಜಿ, ತಿಂಗಳ ರಿಪೋರ್ಟ್, ಆಡಿಟ್ ಬಂದಾಗ ಫೈಲ್ ಜೋಡಿಸುವುದು, ಮೀಟಿಂಗಿಗೆ ಸ್ಲೈಡ್ ಮಾಡುವುದು. ಕೆಲಸವೇನೋ ಮುಖ್ಯದ್ದೇ. ಆದರೆ ಹತ್ತು ವರ್ಷ ಕಳೆದು ಪ್ಲಾಂಟ್ ಮುಖ್ಯಸ್ಥರನ್ನು ಆರಿಸುವಾಗ ಅದೇ ಜನ ‘ಅವರಿಗೆ ಪ್ಲಾಂಟ್ ಅನುಭವ ಇಲ್ವಲ್ಲ’ ಅನ್ನುತ್ತಾರೆ. ಅನುಭವ ಸಿಗದ ಹಾಗೆ ಮಾಡಿದ್ದೂ ಅವರೇ!

ನಾನು ಕೆಲಸಕ್ಕೆ ಸೇರಿದ ಮೊದಲ ವಾರದ ಮಾತು. ಏರೇಷನ್ ಟ್ಯಾಂಕಿನ, ಅಂದರೆ ಕೊಳಚೆಗೆ ಗಾಳಿ ಊದುವ ತೊಟ್ಟಿಯ ಮೇಲಿನ ಕಿರುದಾರಿಯಲ್ಲಿ ನಿಂತು ಮೀಟರ್ ರೀಡಿಂಗ್ ಬರೆದುಕೊಳ್ಳುತ್ತಿದ್ದೆ. ನೀರಿನಲ್ಲಿ ಕರಗಿದ ಆಕ್ಸಿಜನ್ ಲೀಟರಿಗೆ 2 ಮಿಲಿಗ್ರಾಂ ತೋರಿಸುತ್ತಿತ್ತು. ಅಷ್ಟಿದ್ದರೆ ಸಾಕು. ಪಕ್ಕದಲ್ಲಿದ್ದ ಹಿರಿಯ ಆಪರೇಟರ್ ಮೀಟರ್ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಸಲ ಗಾಳಿ ಎಳೆದುಕೊಂಡು, ‘ಮೇಡಂ, ಇವತ್ತು ಇದರ ಹೊಟ್ಟೆ ಕೆಟ್ಟಿದೆ’ ಅಂದರು. ನನಗೆ ನಗು ಬಂತು. ಸಂಜೆ ಅವರು ಬಿಡದೆ ಹೇಳಿದ್ದಕ್ಕೆ ಕೈಮೀಟರನ್ನು ದೂರದ ಮೂಲೆಯಲ್ಲಿ ಇಳಿಬಿಟ್ಟು ನೋಡಿದೆ. ಅರ್ಧ ಮಿಲಿಗ್ರಾಮೂ ಇರಲಿಲ್ಲ. ಆ ಮೂಲೆಯಲ್ಲಿ ತಳದಿಂದ ಗಾಳಿ ಬಿಡುವ ಡಿಫ್ಯೂಸರುಗಳು ಕಟ್ಟಿಕೊಂಡಿದ್ದವು. ಗೋಡೆಗೆ ಹಾಕಿದ ಮೀಟರ್ ಇದ್ದದ್ದು ಇನ್ನೊಂದು ತುದಿಯಲ್ಲಿ, ಪಾಪ, ಅದು ತನ್ನ ಪಕ್ಕದ ನೀರಿನ ಸಂಗತಿ ಮಾತ್ರ ಹೇಳುತ್ತಿತ್ತು.

ಆರೋಗ್ಯವಾಗಿರುವ ಏರೇಷನ್ ಟ್ಯಾಂಕ್ ನಾರುವುದಿಲ್ಲ, ಇದು ಹೊರಗಿನವರಿಗೆ ಗೊತ್ತೇ ಇರಲ್ಲ. ಮಳೆ ಬಿದ್ದ ಮಣ್ಣಿನ ವಾಸನೆ ಇರುತ್ತದೆ. ಬಣ್ಣ ಕಂದು. ಗಾಳಿ ಸಾಲದಿದ್ದರೆ ಕಪ್ಪಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಶುರುವಾಗುತ್ತದೆ. ಬಿಳಿ ನೊರೆ ಉಕ್ಕಿದರೆ ಸ್ಲಜ್, ಅಂದರೆ ಕೊಳಕು ತಿನ್ನುವ ಬ್ಯಾಕ್ಟೀರಿಯಾ ತುಂಬಿದ ಕೆಸರು, ಇನ್ನೂ ಎಳೆಯದು. ಜಿಡ್ಡುಜಿಡ್ಡಾದ ದಪ್ಪ ಕಂದು ನೊರೆ ನಿಂತರೆ ಸ್ಲಜ್ ಮುದಿಯಾಗಿದೆ, ಇಲ್ಲವೇ ಎಳೆಎಳೆಯಾಗಿ ಬೆಳೆಯುವ ಬ್ಯಾಕ್ಟೀರಿಯಾ ಸೇರಿಕೊಂಡಿವೆ. ಪುಸ್ತಕದಲ್ಲೂ ಇದೆಲ್ಲ ಇದೆ. ಆದರೆ ಮೂಗಿಗೆ ಅಭ್ಯಾಸವಾಗುವುದು ಕಿರುದಾರಿಯ ಮೇಲೆ ನಿಂತಾಗಲೇ.

ಕೊಳಚೆ ಪ್ಲಾಂಟ್ ಅಂದರೆ ಪೈಪು, ಪಂಪು ಅಂದುಕೊಳ್ಳುತ್ತಾರೆ. ನಿಜಕ್ಕೂ ಅದೊಂದು ಸಾಕಾಣಿಕೆ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಅನ್ನುವ ಇಬ್ಬರು ಇದನ್ನು ತೋರಿಸಿಕೊಟ್ಟರು. ಕೊಳಚೆಗೆ ಸುಮ್ಮನೆ ಗಾಳಿ ಊದುತ್ತಾ ಹೋದಾಗ ಅದು ಪೂರ್ತಿ ತಿಳಿಯಾಗಲು ಸುಮಾರು ಐದು ವಾರ ಹಿಡಿಯಿತು. ತಳಕ್ಕೆ ಕೂತ ಸ್ಲಜ್ಜನ್ನು ಅವರು ಚೆಲ್ಲಲಿಲ್ಲ. ಮೇಲಿನ ನೀರು ಬಸಿದು, ಬೀಜಕ್ಕೆ ಇಟ್ಟುಕೊಂಡ ಹಾಗೆ ಸ್ಲಜ್ ಉಳಿಸಿಕೊಂಡು, ಅದರ ಮೇಲೆ ಹೊಸ ಕೊಳಚೆ ಹಾಕಿದರು. ಹೀಗೆ ಮಾಡುತ್ತಾ ಹೋದಂತೆ ಐದು ವಾರದ ಕೆಲಸ ಒಂದು ದಿನದೊಳಗೆ ಆಗತೊಡಗಿತು. ಇವತ್ತಿಗೂ ಪ್ರಪಂಚದ ದೊಡ್ಡ ದೊಡ್ಡ ಪ್ಲಾಂಟುಗಳು ಮಾಡುವುದು ಇದನ್ನೇ. ನೀವು ಸಾಕುತ್ತಿರುವುದು ಬ್ಯಾಕ್ಟೀರಿಯಾವನ್ನು. ಅವಕ್ಕೆ ಊಟ ಜಾಸ್ತಿಯಾದರೂ ಕಷ್ಟ, ಕಮ್ಮಿಯಾದರೂ ಕಷ್ಟ. ಸಾಕುವವರು ಪಕ್ಕದಲ್ಲಿ ಇರಲೇಬೇಕು.

ಇನ್ನೊಂದು ವಿಷಯ. ನೀರು ಎಷ್ಟು ಕೊಳಕು ಅಂತ ಹೇಳುವ ಬಿಓಡಿ ಪರೀಕ್ಷೆಗೆ ಐದು ದಿನ ಬೇಕು, 20 ಡಿಗ್ರಿಯಲ್ಲಿ ಬಾಟಲಿ ಇಟ್ಟು ಕಾಯಬೇಕು. ಅಂದರೆ ಇವತ್ತು ಕೈಗೆ ಬಂದ ಅಂಕಿ ಐದು ದಿನದ ಹಿಂದಿನ ನೀರಿನದ್ದು. ಆ ನೀರು ಆಗಲೇ ಹೊಳೆ ಸೇರಿರುತ್ತದೆ! ಹಾಗಾದರೆ ಇವತ್ತಿನ ತೀರ್ಮಾನ ಯಾವುದರ ಮೇಲೆ? ಮುಖ್ಯವಾಗಿ ಒಂದು ಗಾಜಿನ ಸಿಲಿಂಡರಿನ ಮೇಲೆ. ಏರೇಷನ್ ಟ್ಯಾಂಕಿನ ನೀರು ಒಂದು ಲೀಟರ್ ತುಂಬಿಸಿ, ಅಲುಗಾಡಿಸದೆ 30 ನಿಮಿಷ ಇಡಿ. ಸ್ಲಜ್ 250 ಮಿಲಿಲೀಟರಿನ ಗೆರೆಗೆ ಇಳಿದು, ಮೇಲೆ ನೀರು ತಿಳಿಯಾಗಿ ನಿಂತರೆ ನೆಮ್ಮದಿ. ಲೀಟರಿಗೆ 3,000 ಮಿಲಿಗ್ರಾಂ ಸ್ಲಜ್ ಇದ್ದರೆ, ಒಂದು ಗ್ರಾಂ ಸುಮಾರು 83 ಮಿಲಿಲೀಟರ್ ಜಾಗ ಹಿಡಿಯುತ್ತದೆ ಅಂತಾಯಿತು. ಅದೇ ಸ್ಲಜ್ 900ರ ಗೆರೆಯಲ್ಲೇ ಹತ್ತಿಯ ಹಾಗೆ ಉಬ್ಬಿಕೊಂಡು ನಿಂತರೆ ಗ್ರಾಮಿಗೆ 300 ಮಿಲಿಲೀಟರ್. ಆಗ ಸ್ಲಜ್ ಕ್ಲಾರಿಫೈಯರಿನಲ್ಲಿ, ಅಂದರೆ ಅದನ್ನು ತಳಕ್ಕೆ ಇಳಿಸುವ ಮುಂದಿನ ಟ್ಯಾಂಕಿನಲ್ಲಿ, ಕೂರುವುದಿಲ್ಲ, ಶುದ್ಧ ಮಾಡಿದ ನೀರಿನ ಜೊತೆಗೇ ಹೊರಗೆ ಹೋಗಿಬಿಡುತ್ತದೆ. ನಾನು ಈಗಲೂ ಯಾವ ಪ್ಲಾಂಟಿಗೆ ಹೋದರೂ ಮೊದಲು ಕೇಳುವುದು ಫೈಲ್ ಅಲ್ಲ, ಸಿಲಿಂಡರ್.

ಈಗ ರಿಪೋರ್ಟಿನ ಮಾತಿಗೆ ಬರೋಣ. ಪ್ಲಾಂಟಿನಲ್ಲಿ ಎರಡು ವರ್ಷ ಕಳೆದು ಒಂದು ಕನ್ಸಲ್ಟೆನ್ಸಿ ಸೇರಿದ್ದೆ. ಒಂದು ಕಾರ್ಖಾನೆಯ ವರ್ಷದ ರಿಪೋರ್ಟ್ ಬರೆಯುವ ಕೆಲಸ ನನಗೆ ಬಂತು. ಶುದ್ಧ ಮಾಡಿದ ನೀರಿನ ಸ್ಯಾಂಪಲ್ ಕನ್ನಡಿಯ ಹಾಗಿತ್ತು. ಬಿಓಡಿ, ರಾಸಾಯನಿಕ ಹಾಕಿ ಕೊಳಕು ಅಳೆಯುವ ಸಿಓಡಿ, ಎಲ್ಲ ಮಿತಿಯೊಳಗೆ. ಟೈಪ್ ಮಾಡಿ ಕಳಿಸಿದ್ದರೆ ಅವತ್ತೇ ಮುಗಿಯುತ್ತಿತ್ತು. ಆದರೆ ಕ್ಲೋರೈಡ್ ಸಾಲಿನ ಮೇಲೆ ನನ್ನ ಕಣ್ಣು ನಿಂತಿತು. ಒಳಗೆ ಹೋಗುವ ನೀರಿನಲ್ಲಿ ಲೀಟರಿಗೆ 900 ಮಿಲಿಗ್ರಾಂ, ಹೊರಗೆ ಬರುವುದರಲ್ಲಿ 300.

ಕ್ಲೋರೈಡ್ ಅಂದರೆ ಉಪ್ಪಿನ ಒಂದು ಅಂಶ. ಬ್ಯಾಕ್ಟೀರಿಯಾ ಅದನ್ನು ತಿನ್ನುವುದಿಲ್ಲ. ಗಾಳಿ ಊದಿದರೆ ಹೋಗುವುದಿಲ್ಲ, ತಳಕ್ಕೂ ಕೂರುವುದಿಲ್ಲ. ಎಷ್ಟು ಒಳಗೆ ಹೋಯಿತೋ ಅಷ್ಟೇ ಹೊರಗೆ ಬರಬೇಕು. ಮೂರರಲ್ಲಿ ಒಂದು ಪಾಲಾಗಿದೆ ಅಂದರೆ ಮಧ್ಯೆ ಎಲ್ಲೋ ಒಂದು ಪಾಲು ಕೊಳಚೆಗೆ ಎರಡು ಪಾಲು ಚೊಕ್ಕ ನೀರು ಬೆರೆಸಿದ್ದಾರೆ. ಇದು ಶುದ್ಧೀಕರಣ ಅಲ್ಲ, ನೀರು ಬೆರೆಸಿ ತೋರಿಸಿದ್ದು. ಹೋಗಿ ನೋಡಿದೆ. ಹೊರಗೆ ಹೋಗುವ ಚೇಂಬರಿನ ಹಿಂದೆ ಒಂದು ಹೋಸ್ ಪೈಪ್ ಸುರುಳಿ ಸುತ್ತಿ ಇಟ್ಟಿತ್ತು. ಅದರ ತುದಿ ಇನ್ನೂ ಒದ್ದೆ. ಅಲ್ಲಿನ ಮ್ಯಾನೇಜರ್ ನಯವಾಗಿಯೇ ಹೇಳಿದರು, ‘ಮೇಡಂ, ನೀವು ರಿಪೋರ್ಟ್ ಬರೆಯೋಕೆ ಬಂದಿರೋದು ಅಲ್ವಾ?’

ಆಫೀಸಿಗೆ ಬಂದರೆ ನನ್ನ ಸೀನಿಯರ್ ಅರ್ಧ ದಾರಿಗೆ ಒಪ್ಪಿದರು. ‘ಅಂಕಿ ಇರಲಿ, ತೀರ್ಮಾನ ಬರೀಬೇಡ’ ಅಂದರು. ನಾನು ಎರಡು ಕ್ಲೋರೈಡ್ ಅಂಕಿಗಳನ್ನೂ ಒಂದೇ ಟೇಬಲ್ಲಿನಲ್ಲಿ ಅಕ್ಕಪಕ್ಕ ಹಾಕಿ, ಕೆಳಗೆ ‘ಈ ಪ್ರಕ್ರಿಯೆಯಲ್ಲಿ ಕ್ಲೋರೈಡ್ ಕಡಿಮೆಯಾಗುವುದಿಲ್ಲ’ ಅಂತ ಒಂದು ಸಾಲು ಸೇರಿಸಿದೆ. ಓದಲು ಬರುವವರು ಓದಿಕೊಳ್ಳಲಿ ಅಂತ. ಆ ಕಾರ್ಖಾನೆಯವರು ಮತ್ತೆ ನಮ್ಮನ್ನು ಕರೆಯಲಿಲ್ಲ. ಅಷ್ಟಕ್ಕೇ ನಿಂತೆನಲ್ಲ ಅನ್ನುವ ಬೇಜಾರು ನನಗೆ ಇನ್ನೂ ಇದೆ. ಆದರೆ ಪ್ಲಾಂಟಿನಲ್ಲಿ ದಿನಾ ಒಳಗಿನದ್ದೂ ಹೊರಗಿನದ್ದೂ ಅಂಕಿ ಬರೆದ ಕೈ ಇಲ್ಲದಿದ್ದರೆ ನನಗೆ ಅದು ಕಾಣುತ್ತಲೇ ಇರಲಿಲ್ಲ.

ಕ್ಲೋರೈಡ್ ಅಂದಾಗ ಒಬ್ಬರನ್ನು ನೆನೆಯಲೇಬೇಕು. ಎಲೆನ್ ಸ್ವಾಲೋ ರಿಚರ್ಡ್ಸ್. ಅಮೆರಿಕದ ಎಂಐಟಿಗೆ ಸೇರಿದ ಮೊದಲ ಮಹಿಳೆ, 1873ರಲ್ಲಿ ಪದವಿ ಪಡೆದರು. ಸೇರುವಾಗ ಅವರಿಂದ ಫೀಸು ತಗೊಳ್ಳಲಿಲ್ಲ. ತನ್ನ ಬಡತನ ನೋಡಿ ಬಿಟ್ಟಿದ್ದಾರೆ ಅಂದುಕೊಂಡಿದ್ದರು ಪಾಪ. ಯಾರಾದರೂ ತಕರಾರು ಎತ್ತಿದರೆ ‘ಈಕೆ ನಮ್ಮ ವಿದ್ಯಾರ್ಥಿಯೇ ಅಲ್ಲ’ ಅಂತ ಹೇಳಲು ಅನುಕೂಲವಾಗಲಿ ಅಂತ ಹಾಗೆ ಮಾಡಿದ್ದರು ಅನ್ನುವುದು ಆಮೇಲೆ ಗೊತ್ತಾಯಿತು.

1887ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ನೀರನ್ನೆಲ್ಲ ಪರೀಕ್ಷೆ ಮಾಡುವ ದೊಡ್ಡ ಕೆಲಸ ಶುರುವಾಯಿತು. ಲ್ಯಾಬಿನ ಹೊಣೆ ಇವರ ಹೆಗಲಿಗೆ ಬಿತ್ತು. ಸಾವಿರಾರು ಸ್ಯಾಂಪಲ್. ಕಡಲ ಹತ್ತಿರದ ನೀರಿನಲ್ಲಿ ಕ್ಲೋರೈಡ್ ಜಾಸ್ತಿ, ಒಳನಾಡಿಗೆ ಹೋದಂತೆ ಕಮ್ಮಿ. ಇದನ್ನು ನಕ್ಷೆಯ ಮೇಲೆ ಗೆರೆ ಎಳೆದು ತೋರಿಸಿದರು. ಈಗ ಯಾವುದೋ ಬಾವಿಯಲ್ಲಿ ಆ ಜಾಗಕ್ಕೆ ಇರಬೇಕಾದ್ದಕ್ಕಿಂತ ಜಾಸ್ತಿ ಕ್ಲೋರೈಡ್ ಸಿಕ್ಕರೆ? ಮನುಷ್ಯರ ಮೂತ್ರದಲ್ಲಿ ಉಪ್ಪು ಇರುತ್ತದೆ. ಬಾವಿಗೆ ಕೊಳಚೆ ಸೇರುತ್ತಿದೆ ಅಂತ ಅರ್ಥ. ರೋಗಾಣುವನ್ನು ಹಿಡಿಯುವ ಪರೀಕ್ಷೆಗಳು ಇನ್ನೂ ಎಳೆಯದಾಗಿದ್ದ ಕಾಲದಲ್ಲಿ ಉಪ್ಪು ಹಿಡಿದುಕೊಂಡು ರೋಗದ ಮೂಲಕ್ಕೆ ಹೋಗುವ ದಾರಿ ಇದು. ಇಷ್ಟೆಲ್ಲ ಮಾಡಿದವರು 1911ರಲ್ಲಿ ತೀರಿಹೋಗುವವರೆಗೂ ಎಂಐಟಿಯಲ್ಲಿ ಇನ್‌ಸ್ಟ್ರಕ್ಟರ್ ಆಗಿಯೇ ಉಳಿದರು, ಪ್ರೊಫೆಸರ್ ಮಾಡಲಿಲ್ಲ. ನಾನು ಇಡೀ ಕಥೆ ಹೇಳಿದ್ದು ಯಾಕೆಂದರೆ, ಕೊಳಚೆ ನೀರಿನ ಕೆಲಸ ಹೆಣ್ಣುಮಕ್ಕಳಿಗೆ ಹೊಸದು ಅಂತ ನಿಮ್ಮ ಲೆಕ್ಚರರ್ ಅಂದುಕೊಂಡಿದ್ದರೆ, ಹೊಸದಲ್ಲ. ಈ ವಿಷಯಕ್ಕೆ ಅಡಿಪಾಯ ಹಾಕಿದವರಲ್ಲೇ ಒಬ್ಬರು ಹೆಂಗಸು.

ಸ್ಯಾಂಪಲ್ ತೆಗೆಯುವುದನ್ನೂ ಸಣ್ಣ ಕೆಲಸ ಅಂದುಕೊಳ್ಳಬೇಡಿ. 2014ರಲ್ಲಿ ಅಮೆರಿಕದ ಫ್ಲಿಂಟ್ ನಗರ ನೀರಿನ ಮೂಲ ಬದಲಾಯಿಸಿತು. ಪೈಪ್ ಸವೆಯದಂತೆ ತಡೆಯುವ ಫಾಸ್ಫೇಟ್ ಹಾಕಲಿಲ್ಲ, ಹಳೆಯ ಪೈಪುಗಳ ಸೀಸ ನೀರಿಗೆ ಇಳಿಯಿತು. ಲೀಆನ್ ವಾಲ್ಟರ್ಸ್ ಅನ್ನುವ ತಾಯಿಯ ಮನೆಯ ನಲ್ಲಿಯಲ್ಲಿ 2015ರಲ್ಲಿ ನೂರು ಕೋಟಿ ಭಾಗಕ್ಕೆ 397 ಭಾಗ ಸೀಸ ಸಿಕ್ಕಿತು. ಆಗ ಅಲ್ಲಿ ಕ್ರಮ ತಗೊಳ್ಳಲೇಬೇಕಾದ ಮಟ್ಟ 15 ಇತ್ತು. ಆದರೂ ಸರ್ಕಾರಿ ಲೆಕ್ಕದಲ್ಲಿ ನೀರು ಸರಿಯಾಗೇ ಇತ್ತು. ಅದಕ್ಕೆ ಒಂದು ಕಾರಣ, ಸ್ಯಾಂಪಲ್ಲಿಗೆ ಮುಂಚೆ ನಲ್ಲಿ ಬಿಟ್ಟು ನೀರು ಹರಿಸಿ ಅಂತ ಜನರಿಗೆ ಹೇಳಿದ್ದು. ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರಿನಲ್ಲಿ ಸೀಸ ಸೇರಿಕೊಳ್ಳುತ್ತದೆ. ಮೊದಲೇ ಹರಿಸಿಬಿಟ್ಟರೆ ಪೈಪ್ ತೊಳೆದು ಪರೀಕ್ಷೆ ಮಾಡಿದ ಹಾಗೆ. ವಾಲ್ಟರ್ಸ್ ಎಂಜಿನಿಯರ್ ಅಲ್ಲ. ಸ್ಯಾಂಪಲ್ ಸರಿಯಾಗಿ ತೆಗೆಯುವುದನ್ನು ಕಲಿತು ಅಕ್ಕಪಕ್ಕದ ಮನೆಗಳಿಂದಲೂ ತೆಗೆಸಿದರು. ಬಾಟಲಿ ಹಿಡಿದವರ ಕೈಯಲ್ಲಿ ಇಷ್ಟೆಲ್ಲ ಇರುತ್ತದೆ.

ಇನ್ನು ಭಯದ ವಿಷಯ. ಮನೆಯವರ ಭಯವನ್ನು ತಳ್ಳಿಹಾಕಲ್ಲ. ಆದರೆ ಅವರು ಹೆದರುವುದು ಒಂದಕ್ಕೆ, ನಿಜವಾದ ಅಪಾಯ ಇರುವುದು ಇನ್ನೊಂದು ಕಡೆ. ಕೊಳಚೆ ಕೆಲಸದಲ್ಲಿ ಜೀವ ತೆಗೆಯುವುದು ಹೈಡ್ರೋಜನ್ ಸಲ್ಫೈಡ್ ಅನ್ನುವ ಗ್ಯಾಸ್. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹತ್ತು ಲಕ್ಷಕ್ಕೆ 100 ಭಾಗದ ಹತ್ತಿರ ಹೋದಾಗ ಮೂಗು ಸತ್ತುಹೋಗುತ್ತದೆ, ವಾಸನೆಯೇ ತಿಳಿಯಲ್ಲ. ‘ಈಗ ವಾಸನೆ ಕಮ್ಮಿಯಾಯ್ತು’ ಅಂತ ಕೆಳಗಿಳಿದವರು ಮೇಲೆ ಬರುವುದಿಲ್ಲ. ಅವರನ್ನು ಎತ್ತಲು ಇಳಿದವರೂ ಬರುವುದಿಲ್ಲ. ಅಷ್ಟು ಹೊತ್ತು ಮೂಗನ್ನು ಹೊಗಳಿದೆನಲ್ಲ, ಇಲ್ಲಿ ಮಾತ್ರ ಮೂಗನ್ನು ನಂಬಲೇಬೇಡಿ. ನಾಲ್ಕು ಗ್ಯಾಸ್ ನೋಡುವ ಮೀಟರ್ ಇಲ್ಲದೆ ಯಾವ ಬಾವಿ, ಮ್ಯಾನ್‌ಹೋಲ್, ಟ್ಯಾಂಕಿನೊಳಗೂ ತಲೆ ಹಾಕಬೇಡಿ, ಬೇರೆಯವರನ್ನೂ ಇಳಿಸಬೇಡಿ. ಆಕ್ಸಿಜನ್ ಶೇಕಡಾ 19.5ಕ್ಕಿಂತ ಕೆಳಗಿದ್ದರೆ ಇಳಿಯುವ ಮಾತೇ ಇಲ್ಲ. ಇದರಲ್ಲಿ ಗಂಡು ಹೆಣ್ಣು ಅಂತ ಭೇದವಿಲ್ಲ, ಗ್ಯಾಸಿಗೆ ಎಲ್ಲರೂ ಒಂದೇ.

ಭೇದ ಇರುವುದು ಬೂಟಿನಲ್ಲಿ. ನಗಬೇಡಿ. ಸೇಫ್ಟಿ ಬೂಟು, ಗ್ಲೌಸು, ಮೇಲಿಂದ ಬೀಳದಂತೆ ಕಟ್ಟಿಕೊಳ್ಳುವ ಹಾರ್ನೆಸ್, ಎಲ್ಲ ಸಾಮಾನ್ಯವಾಗಿ ಗಂಡಸರ ಅಳತೆಗೆ ಬರುತ್ತವೆ. ನನಗೆ ಮೊದಲ ಆರು ತಿಂಗಳು ಎರಡು ಜೊತೆ ಸಾಕ್ಸ್ ಹಾಕಿ ಬೂಟು ತುಂಬಿಸಿಕೊಳ್ಳಬೇಕಿತ್ತು. ಒದ್ದೆ ಏಣಿಯ ಮೇಲೆ ಕಾಲು ಒಳಗೆ ಜಾರಿದ ದಿನ ಮಾತ್ರ ಬಾಯಿಬಿಟ್ಟು ಕೇಳಿದೆ. ಎರಡು ವಾರದಲ್ಲಿ ನನ್ನ ಸೈಜು ಬಂತು. ಮೊದಲ ದಿನವೇ ಕೇಳದೆ ಸಂಕೋಚಪಟ್ಟಿದ್ದು ನನ್ನದೇ ತಪ್ಪು. ಟಾಯ್ಲೆಟ್ಟಿನದ್ದೂ ಅಷ್ಟೇ. ಇಂಟರ್ವ್ಯೂನಲ್ಲೇ ಕೇಳಿ: ಹೆಂಗಸರ ಟಾಯ್ಲೆಟ್ ಪ್ಲಾಂಟಿನೊಳಗೆ ಇದೆಯಾ, ಅದರ ಬೀಗದ ಕೈ ಯಾರ ಹತ್ತಿರ? ರಾತ್ರಿ ಶಿಫ್ಟಿನಲ್ಲಿ ಎಷ್ಟು ಜನ, ಮನೆಗೆ ಬಿಡಲು ಗಾಡಿ ಇದೆಯಾ? ಟಾಯ್ಲೆಟ್ ಇಲ್ಲ ಅಂತ ದಿನವಿಡೀ ನೀರು ಕುಡಿಯದೆ ಇರುವ ಹುಡುಗಿಯರನ್ನು ನೋಡಿದ್ದೇನೆ. ನೀರಿನ ಪ್ಲಾಂಟಿನಲ್ಲಿ! ಈ ಪ್ರಶ್ನೆಗಳಿಗೆ ನೆಟ್ಟಗೆ ಉತ್ತರ ಕೊಡದ ಕಡೆ ಸೇರಬೇಡಿ. ಪ್ಲಾಂಟ್ ಬೇಡ ಅಂತಲ್ಲ, ಆ ಪ್ಲಾಂಟ್ ಬೇಡ.

ಬೇರೆ ದಾರಿಗಳೂ ಇವೆ. ಕುಡಿಯುವ ನೀರಿನ ಘಟಕ ಸ್ವಲ್ಪ ಅಚ್ಚುಕಟ್ಟು, ಅಲ್ಲಿ ಕೆಮಿಸ್ಟ್ರಿ ಜಾಸ್ತಿ. ಕಸದ ಗುಡ್ಡೆಯಿಂದ ಇಳಿಯುವ ರಸ, ಮೀಥೇನ್, ಇದಕ್ಕೆ ಜನ ಕಮ್ಮಿ, ಕೆಲಸ ಬೇಕಾದಷ್ಟು. ಗಾಳಿ ಮತ್ತು ಅಂತರ್ಜಲದಲ್ಲಿ ಕಂಪ್ಯೂಟರ್ ಮಾಡೆಲ್ ಮಾಡುವವರಿಗೆ ಒಳ್ಳೆಯ ಜಾಗ. ಸಂಬಳದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಶುರುವಿನಲ್ಲಿ ಸಾಫ್ಟ್‌ವೇರ್ ಗೆಳತಿಯರ ಜೊತೆ ಹೋಲಿಸಿಕೊಳ್ಳಬೇಡಿ.

ಈಗಿನಿಂದಲೇ ಕಲಿಯಬಹುದಾದ್ದು ಎರಡು. ಒಂದು, ಒಳಗೆ ಎಷ್ಟು ಹೊರಗೆ ಎಷ್ಟು ಅನ್ನುವ ಮಾಸ್ ಬ್ಯಾಲೆನ್ಸ್. ಸುಲಭ ಅಂತ ಎಲ್ಲರೂ ಬಿಟ್ಟುಬಿಡುತ್ತಾರೆ, ನನ್ನ ಕ್ಲೋರೈಡ್ ಕಥೆ ಅದೇ ತಾನೆ? ಇನ್ನೊಂದು, ಇಪಾನೆಟ್. ಅಮೆರಿಕದ ಪರಿಸರ ಸಂಸ್ಥೆ 1993ರಲ್ಲಿ ಹೊರತಂದ, ನೀರಿನ ಪೈಪ್ ಜಾಲ ಲೆಕ್ಕ ಹಾಕುವ ಸಾಫ್ಟ್‌ವೇರ್. ಪುಕ್ಕಟೆ. ನಾಲ್ಕು ಬೀದಿಯ ಪೈಪ್ ಹಾಕಿ, ಒಂದು ವಾಲ್ವ್ ಮುಚ್ಚಿ, ಕೊನೆಯ ಮನೆಯಲ್ಲಿ ಪ್ರೆಷರ್ ಏನಾಗುತ್ತದೆ ನೋಡಿ.

ಮಗುವಿನ ವಿಷಯ. ಬಿಡುವು ತಗೊಂಡರೆ ಮುಗಿಯುವುದಿಲ್ಲ. ನಾನು ಎರಡೂವರೆ ವರ್ಷ ಬಿಟ್ಟಿದ್ದೆ. ವಾಪಸ್ ಬಂದಾಗ ಬ್ಯಾಕ್ಟೀರಿಯಾ ಬದಲಾಗಿರಲಿಲ್ಲ! ಬದಲಾಗಿದ್ದು ಮಿತಿಗಳು ಮತ್ತು ಮೀಟರುಗಳು, ಅದಕ್ಕೆ ಎರಡು ತಿಂಗಳು ಸಾಕಾಯಿತು. ಕಷ್ಟವಾದದ್ದು ಬೇರೆ. ‘ಈಗ ಮಗು ಇದೆ, ಪ್ಲಾಂಟ್ ಬೇಡ ಬಿಡಿ’ ಅಂತ ನನ್ನನ್ನು ಕೇಳದೆಯೇ ತೀರ್ಮಾನ ಮಾಡಿದ್ದರು. ನಾನು ಶಿಫ್ಟ್ ಬೇಡ ಅಂದಿದ್ದೆ, ಪ್ಲಾಂಟ್ ಬೇಡ ಅಂದಿರಲಿಲ್ಲ. ಇವೆರಡರ ವ್ಯತ್ಯಾಸವನ್ನು ಬರವಣಿಗೆಯಲ್ಲೇ ಕೊಡಿ. ಇನ್ನೊಂದು ಎಚ್ಚರಿಕೆ: ಗರ್ಭಿಣಿ ಅಂತ ಗೊತ್ತಾದ ಕೂಡಲೇ ಸೇಫ್ಟಿ ಆಫೀಸರಿಗೆ ಹೇಳಿ. ಸಿಓಡಿ ಪರೀಕ್ಷೆಗೆ ಬಳಸುವ ರಾಸಾಯನಿಕದಲ್ಲಿ ಪಾದರಸವೂ ಇದೆ, ಕ್ರೋಮಿಯಮ್ಮೂ ಇದೆ. ನೀರು ಕೊಳಕಾ ಅಂತ ನೋಡಲು ನಾವು ಮಾಡುವ ಪರೀಕ್ಷೆಯೇ ಅಷ್ಟು ಕೊಳಕು. ಆ ತಿಂಗಳುಗಳಲ್ಲಿ ಆ ಬೆಂಚು ಬೇರೆಯವರು ನೋಡಿಕೊಳ್ಳಲಿ.

ಮನೆಯಲ್ಲಿ ಇನ್ನೂ ಒಪ್ಪದಿದ್ದರೆ ವಾದ ಮಾಡಬೇಡಿ. ಅನುಮತಿ ಕೇಳಿ ಅಪ್ಪನನ್ನೋ ಅಮ್ಮನನ್ನೋ ಒಂದು ದಿನ ಆ ಪ್ಲಾಂಟಿಗೆ ಕರೆದುಕೊಂಡು ಹೋಗಿ. ಒಳಗೆ ಬರುವ ಕಪ್ಪು ನೀರು ತೋರಿಸಿ, ಆಮೇಲೆ ಹೊರಗೆ ಹೋಗುವ ಜಾಗಕ್ಕೆ ಕರೆದೊಯ್ಯಿರಿ. ನಮ್ಮಮ್ಮ ಬಂದಿದ್ದರು. ಮೂಗಿಗೆ ಸೆರಗು ಹಿಡಿದುಕೊಂಡೇ ಒಳಗೆ ಬಂದವರು, ಸಿಲಿಂಡರಿನಲ್ಲಿ ಸ್ಲಜ್ ಇಳಿಯುವುದನ್ನು ಅರ್ಧ ಗಂಟೆ ನಿಂತು ನೋಡಿದರು. ಹೊರಡುವಾಗ ಆಪರೇಟರನ್ನು ಕೇಳಿದ್ದು ಒಂದೇ: ‘ಇವಳಿಗೆ ಬೂಟು ಸರಿಯಾಗಿದೆ ತಾನೆ?’